ಹೆಸರು ಕೆತ್ತಿದ ತಾಟು



ಈ ಸ್ಮರಣ ಸಂಚಿಕೆಗಾಗಿ ಶಾಲೆಯ ದಿನಗಳ ಒಂದು ನೆನಪನ್ನು ಬರೆದು ಕಳಿಸಬೇಕೆಂದು ಸಂಪಾದಕ ಮಂಡಲಿಯವರು ಕೇಳಿಕೊಂಡಾಗ, ಗುರುಗಳ ವಿಷಯವಾಗಿ ಬರೆಯಬೇಕೋ ಗೆಳತಿಯರ ವಿಷಯವಾಗಿ ಬರೆಯಬೇಕೋ ಎಂದು ನಾವು ಕೆಲವು ದಿನ ಯೋಚಿಸಿದೆವು. ಆ ವಿಷಯಗಳನ್ನು ನಮಗಿಂತ ಚೆನ್ನಾಗಿ ಬರೆಯಬಲ್ಲ ಸಹೋದರಿಯರು ಅನೇಕರಿರುವರು. ಆದಕಾರಣ ನಾವು ಒಂದು ತಾಟಿನ ವಿಷಯವಾಗಿ ಬರೆಯಲು ಮನಸ್ಸು ಮಾಡಿದೆವು. ತಾಟಿನಿಂದ ಆರಂಭವಾದ ಮಾತು ಅಂಗಡಿಗೆ ಹೋಗಿ, ಹೊಲಕ್ಕೆ ಹೋಗಿ, ಕೊಟ್ಟಿಗೆಗೂ ಹೋಗಿ, ಕೊನೆಗೆ ಈ ಶಾಲೆಯ ಅಂಗಳಕ್ಕೇ ತಿರುಗಿ ಬರುವದು. ವಾಚಕರು ತಾಳ್ಮೆಯಿಂದ ಅಷ್ಟು ದೂರ ನಮ್ಮೊಡನೆ ನಡೆದು ಬರಬೇಕೆಂದು ಬಿನ್ನಹ.

ನಮ್ಮ ಊರು ಇಂಡಿ ತಾಲೂಕಿನ ತಾಂಬಾ. ೨೦೧೪ರ ನವೆಂಬರ ೧ರಿಂದ ನಮ್ಮ ಜಿಲ್ಲೆಗೆ ವಿಜಯಪುರವೆಂಬ ಹೆಸರು ಬಂದಿದೆ. ನಾವು ಮನೆ ಬಿಟ್ಟು ಈ ಶಾಲೆಗೆ ಹೊರಟ ೧೯೭೧ರಲ್ಲಿ ಅದು ಬಿಜಾಪುರ ಜಿಲ್ಲೆ. ಆ ವರ್ಷ ಶಾಲೆಯಿಂದ ಬಂದ ಪತ್ರದಲ್ಲಿ ವಸತಿಗೃಹಕ್ಕೆ ತರತಕ್ಕ ಸಾಮಾನುಗಳ ಯಾದಿ ಇದ್ದಿತು. ಒಂದು ಟ್ರಂಕು, ಒಂದು ಹಾಸಿಗೆಯ ಸುರುಳಿ, ಎರಡು ಚಾದರ, ಒಂದು ತಾಟು, ಒಂದು ಬಟ್ಟಲು, ಒಂದು ತಂಬಿಗೆ. ಯಾದಿಯ ಕೊನೆಯಲ್ಲಿ, ಪಾತ್ರೆಗಳ ಮೇಲೆ ವಿದ್ಯಾರ್ಥಿನಿಯ ಹೆಸರು ಇರತಕ್ಕದ್ದು ಎಂದು ಬರೆದಿದ್ದರು.

ನಮ್ಮ ತಾಯಿಯವರು ನಮ್ಮನ್ನು ಬಿಜಾಪುರದ ಪೇಟೆಗೆ ಕರೆದುಕೊಂಡು ಹೋದರು. ಸ್ಟೀಲಿನ ಪಾತ್ರೆಗಳು ನಮ್ಮ ಕಡೆಯ ಮನೆಗಳಿಗೆ ಆಗ ಇನ್ನೂ ಹೊಸವು. ಅಂಗಡಿಯ ಬಾಗಿಲಲ್ಲಿ ಒಬ್ಬ ಮುದುಕ ಚಿಕ್ಕ ಸುತ್ತಿಗೆ, ಚಿಕ್ಕ ಉಳಿ ಹಿಡಿದು ಕುಳಿತಿದ್ದನು. ಅವನು ತಾಟನ್ನು ತೊಡೆಯ ಮೇಲೆ ಇಟ್ಟುಕೊಂಡು, ಚುಕ್ಕೆಗೆ ಚುಕ್ಕೆ ಕೂಡಿಸಿ ನಮ್ಮ ಹೆಸರನ್ನೂ ಅದರ ಮುಂದೆ ತಾಂಬಾ ಎಂಬ ಎರಡಕ್ಷರವನ್ನೂ ಕೆತ್ತಿಕೊಟ್ಟನು. ಓದು ಬರಹ ಬಾರದ ನಮ್ಮ ತಾಯಿಯವರು ಆ ಅಕ್ಷರಗಳ ಮೇಲೆ ಬೆರಳಾಡಿಸಿ, “ಹೆಸರ ಇದ್ದ ಭಾಂಡೆ ಎಲ್ಲೆ ಹೋದ್ರೂ ಮನಿಗೆ ತಿರಗಿ ಬರ್ತದ, ನೋಡವ್ವಾ” ಎಂದರು. ಅವರು ಆ ಮಾತನ್ನು ಮಗಳನ್ನು ದೂರ ಕಳಿಸುವ ಸಂಕಟದಲ್ಲಿ ಆಡಿದ್ದರೆಂದು ನಮಗೆ ಬಹಳ ವರ್ಷಗಳ ಮೇಲೆ ತಿಳಿಯಿತು. ಅದರಲ್ಲಿ ಇನ್ನೊಂದು ಅರ್ಥವೂ ಇದ್ದಿತೆಂಬದು ತಿಳಿಯಲು ಇನ್ನಷ್ಟು ವರ್ಷಗಳು ಬೇಕಾದವು.

ಇಂಡಿ ರೋಡ ಸ್ಟೇಶನ್ನಿನಿಂದ ಗದಗಿನ ಕಡೆಗೆ ಹೋಗುವ ಗಾಡಿಯಲ್ಲಿ ನಾವು ಪ್ರಯಾಣ ಮಾಡಿದೆವು. ಬುತ್ತಿಯ ಗಂಟಿನಲ್ಲಿ ಕಟಕಟಿ ಜೋಳದ ರೊಟ್ಟಿ, ಶೇಂಗಾದ ಚಟ್ನಿ, ಬೆಳ್ಳುಳ್ಳಿಯ ಖಾರ, ಒಂದಿಷ್ಟು ಬೆಲ್ಲ. ರೊಟ್ಟಿ ಒಣಗಿದ್ದುದರಿಂದ ಅದಕ್ಕೆ ಕೆಡುವ ಭಯವಿರಲಿಲ್ಲ. ಚಟ್ನಿಯಲ್ಲಿ ನೀರಿರದ ಕಾರಣ ಅದಕ್ಕೆ ಬಿಗಿಯಾದ ಮುಚ್ಚಳ ಬೇಕಾಗಿರಲಿಲ್ಲ. ನಮ್ಮ ಹಿರಿಯರು ಅಡಿಗೆಯನ್ನೇ ಹೀಗೆ ಮಾಡಿ, ಹೊದಿಕೆಯ ಅವಶ್ಯಕತೆಯನ್ನು ಅರ್ಧಕ್ಕೆ ಇಳಿಸಿದ್ದರು. ಉಂಡ ಮೇಲೆ ಉಳಿದುದು ಒಂದು ಅರಿವೆ ಮಾತ್ರ. ಅದನ್ನು ಝಾಡಿಸಿ ಮಡಿಚಿ ಟ್ರಂಕಿನಲ್ಲಿಟ್ಟರೆ ಮುಂದಿನ ಪ್ರಯಾಣಕ್ಕೆ ಅದೇ ಬುತ್ತಿಯ ಬಟ್ಟೆ. ಸ್ಟೇಶನ್ನುಗಳಲ್ಲಿ ಚಹ ಕಾಜಿನ ಗ್ಲಾಸಿನಲ್ಲಿ ಬರುತ್ತಿದ್ದಿತು. ಗಾಡಿ ಹೊರಡುವ ಮುನ್ನ ಗ್ಲಾಸನ್ನು ಕಿಟಕಿಯಿಂದ ತಿರುಗಿ ಕೊಡಬೇಕೆಂದು ಚಹದವನು ಓಡುತ್ತಿದ್ದನು, ನಾವು ಬಾಯಿ ಸುಟ್ಟುಕೊಂಡು ಕುಡಿಯುತ್ತಿದ್ದೆವು.

ವಸತಿಗೃಹದಲ್ಲಿ ಊಟದ ಘಂಟೆಯಾದೊಡನೆ ನಾವೆಲ್ಲರೂ ನಮ್ಮ ನಮ್ಮ ತಾಟು ಹಿಡಿದು ಸಾಲಾಗಿ ನಿಲ್ಲುತ್ತಿದ್ದುದು ಸಹೋದರಿಯರಿಗೆ ನೆನಪಿರಬಹುದು. ಉಂಡ ಮೇಲೆ ಅವರವರ ತಾಟನ್ನು ಅವರವರೇ ಬೂದಿ ಹಚ್ಚಿ ತೊಳೆದು, ಹೆಸರು ಕಾಣುವಂತೆ ಓರೆಯಾಗಿ ನಿಲ್ಲಿಸಿಡಬೇಕು. ಯಾರ ತಾಟಿನಲ್ಲಾದರೂ ಅನ್ನದ ಅಗುಳು ಅಂಟಿಕೊಂಡಿದ್ದರೆ ಹೆಸರು ಹಿಡಿದು ಕರೆಯುತ್ತಿದ್ದರು. ನಾವು ಎರಡು ಸಲ ಹಾಗೆ ಕರೆಯಲ್ಪಟ್ಟೆವು. ಕಾಯಿಪಲ್ಲೆಯ ಸಿಪ್ಪೆ ಹಿತ್ತಲಿನ ತೋಟದ ಕುಣಿಗೆ ಹೋಗುತ್ತಿದ್ದಿತು, ಮುಸುರೆಯ ನೀರು ಬಾಳೆಯ ಗಿಡಗಳಿಗೆ. ನೂರಕ್ಕೆ ಮೀರಿ ಹುಡುಗಿಯರು ಮೂರು ಹೊತ್ತು ಉಣ್ಣುತ್ತಿದ್ದರೂ ಅಲ್ಲಿ ಕಸದ ರಾಶಿಯೊಂದನ್ನು ಕಂಡ ನೆನಪು ನಮಗಿಲ್ಲ.

ತಾಂಬಾದಲ್ಲಿ ನಮ್ಮ ತಂದೆಯವರದು ಕಿರಾಣಿ ಅಂಗಡಿ. ಸೇರು, ಚಟಾಕುಗಳು ಕಾನೂನಿನಿಂದ ಹೋಗಿದ್ದರೂ ಜನರ ಬಾಯಿಂದ ಹೋಗಿರಲಿಲ್ಲ. ಎಣ್ಣೆಗೆ ಬರುವವರು ಕೊರಳಿಗೆ ದಾರ ಕಟ್ಟಿದ ಬಾಟಲಿಯನ್ನು ತರುತ್ತಿದ್ದರು. ಸಕ್ಕರೆಗೆ ಡಬ್ಬಿ, ಬೇಳೆಗೆ ಚೀಲ. ಕೆಲವು ಹೆಣ್ಣುಮಕ್ಕಳು ಉಡಿಯಲ್ಲಿ ಜೋಳ ತಂದು ಸುರಿದು, ಅದೇ ಉಡಿಯಲ್ಲಿ ಬೆಲ್ಲ ಒಯ್ಯುತ್ತಿದ್ದರು. ಚಹಾಪುಡಿ, ಜೀರಿಗೆಗಳಿಗೆ ಮಾತ್ರ ಹಳೆಯ ವರ್ತಮಾನ ಪತ್ರದ ಪೊಟ್ಟಣ, ಅದರ ಮೇಲೆ ನೂಲಿನ ಸುತ್ತು. ಆ ನೂಲನ್ನು ಮನೆಯಲ್ಲಿ ಉಂಡೆ ಸುತ್ತಿ ಇಡುತ್ತಿದ್ದರು. ಜಾತ್ರೆಯ ದಿನ ಮಾರಾಟಕ್ಕೆ ಬರುತ್ತಿದ್ದ ಗೋಲಿ ಸೋಡಾ ನಮಗೆ ದೊಡ್ಡ ಸಂಭ್ರಮ. ಹೈರಮ್ ಕಾಡ್ ಎಂಬ ಆಂಗ್ಲನು ೧೮೭೨ರ ಸುಮಾರಿಗೆ ರೂಪಿಸಿದ ಆ ಬಾಟಲಿ ಒಂದು ಶತಮಾನದ ಮೇಲೆಯೂ ನಮ್ಮೂರ ಜಾತ್ರೆಯಲ್ಲಿ ಕೈಯಿಂದ ಕೈಗೆ ತಿರುಗುತ್ತಿದ್ದಿತು. ಸೋಡಾ ನಮ್ಮದು, ಬಾಟಲಿ ಮಾರುವವನದು. ಅಲ್ಲಿಯೇ ನಿಂತು ಕುಡಿದು, ಅಲ್ಲಿಯೇ ಇಟ್ಟು ಬರಬೇಕು.

ಹಿಂದಿನದೆಲ್ಲವೂ ಒಳ್ಳೆಯದೆಂದು ಹೇಳುವದು ನಮ್ಮ ಉದ್ದೇಶವಲ್ಲ. ವಯಸ್ಸಾದವರಿಗೆ ಆ ರೋಗ ಬೇಗ ಅಂಟುವದು. ವರ್ತಮಾನ ಪತ್ರದ ಮಸಿಯಲ್ಲಿ ಶರೀರಕ್ಕೆ ಹಾನಿಕರವಾದ ದ್ರವ್ಯಗಳಿರುವವೆಂದೂ, ಬಿಸಿಯಾದ ಮತ್ತು ಎಣ್ಣೆಯುಳ್ಳ ಪದಾರ್ಥಗಳನ್ನು ಅದರಲ್ಲಿ ಕಟ್ಟಕೂಡದೆಂದೂ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವು ೨೦೧೬ರಲ್ಲಿ ಎಚ್ಚರಿಕೆ ಕೊಟ್ಟಿತು. ತಂದೆಯವರು ಭಜಿಯನ್ನು ಆ ಕಾಗದದಲ್ಲಿಯೇ ಕಟ್ಟಿ ಕೊಡುತ್ತಿದ್ದರು, ನಾವು ಅದನ್ನು ಅಕ್ಷರಸಹಿತವಾಗಿ ತಿನ್ನುತ್ತಿದ್ದೆವು. ಬಿಡಿಯಾಗಿ ಮಾರುವ ಎಣ್ಣೆಯಲ್ಲಿ ಕಲಬೆರಕೆ ಮಾಡುವದು ಸುಲಭ. ೧೯೯೮ರಲ್ಲಿ ದಿಲ್ಲಿಯಲ್ಲಿ ದತ್ತೂರಿ ಗಿಡದ ಬೀಜದ ಎಣ್ಣೆ ಬೆರೆತ ಸಾಸಿವೆ ಎಣ್ಣೆಯನ್ನು ತಿಂದು ಅನೇಕರು ಮೈ ಬಾತು ಸತ್ತರು. ಅಡಿಗೆಯ ಎಣ್ಣೆಯನ್ನು ಬಿಡಿಯಾಗಿ ಮಾರಕೂಡದೆಂಬ ಕಾನೂನು ಇರುವದು ಸುಮ್ಮನೆ ಅಲ್ಲ. ಹೊದಿಕೆ ಆಹಾರವನ್ನು ಕಾಯುವದು. ಕಾಯುವಷ್ಟು ಹೊದಿಕೆ ಬೇಕು. ಆದರೆ ಕಾಯುವ ಕೆಲಸ ಮುಗಿದ ಮೇಲೆ ಅದು ಎಲ್ಲಿಗೆ ಹೋಗುವದೆಂಬದನ್ನು ಯಾರೂ ಕೇಳದೆ ಇರುವದೇ ನಮ್ಮ ಕಾಲದ ದೋಷ.

ಪಾಲಿಥೀನು ೧೯೩೩ರಲ್ಲಿ ಇಂಗ್ಲಂಡದ ನಾರ್ಥ್‌ವಿಚ್ ಎಂಬಲ್ಲಿಯ ಪ್ರಯೋಗಶಾಲೆಯಲ್ಲಿ ಅನಿರೀಕ್ಷಿತವಾಗಿ ದೊರೆತ ಪದಾರ್ಥ. ನೀರು, ಪಾನೀಯಗಳನ್ನು ತುಂಬುವ ತಿಳಿಯಾದ ಪ್ಲಾಸ್ಟಿಕ್ ಬಾಟಲಿಗೆ ನಥಾನಿಯಲ್ ವಾಯೆಥ್ ಎಂಬ ಅಮೇರಿಕದ ಅಭಿಯಂತರನು ೧೯೭೩ರಲ್ಲಿ ಸ್ವಾಮ್ಯದ ಹಕ್ಕು ಪಡೆದನು. ಅಂದರೆ ನಾವು ಈ ಶಾಲೆಯಲ್ಲಿ ತಾಟು ತೊಳೆಯುತ್ತಿದ್ದ ವರ್ಷಗಳಲ್ಲಿಯೇ, ತೊಳೆಯಬೇಕಾಗಿಲ್ಲದ ಪಾತ್ರೆ ಲೋಕದ ಇನ್ನೊಂದು ಕಡೆಗೆ ಹುಟ್ಟಿತು. ಹಗುರು, ಒಡೆಯದು, ನೀರು ತಾಗದು, ಬೆಲೆ ಅಲ್ಪ. ಇಷ್ಟು ಗುಣಗಳುಳ್ಳ ವಸ್ತುವನ್ನು ಬೇಡವೆನ್ನುವವರು ಯಾರು? ನಮ್ಮ ತಂದೆಯವರೂ ಅನ್ನಲಿಲ್ಲ. ಒಂದು ದಿನ ಅಂಗಡಿಯ ಬಾಗಿಲಿಗೆ ಚಹಾಪುಡಿಯ ಚಿಕ್ಕ ಪಾಕೀಟುಗಳ ಸರ ತೂಗಬಿದ್ದಿತು; ಬರುಬರುತ್ತ ಉಪ್ಪಿನಕಾಯಿ, ಮಸಾಲೆ, ಕುರುಕಲು ತಿಂಡಿ, ಗುಟ್ಕಾ ಎಲ್ಲದರ ಸರಗಳು ಬಾಗಿಲನ್ನೇ ಮುಚ್ಚಿದವು. ತೂಗುವ ಶ್ರಮವಿಲ್ಲ, ಚೆಲ್ಲುವ ನಷ್ಟವಿಲ್ಲ. ನಮ್ಮ ಮದುವೆಯ ಖರ್ಚಿನಲ್ಲಿ ಒಂದು ಪಾಲು ಆ ಸರಗಳ ಲಾಭದಿಂದಲೇ ಬಂದಿದ್ದೀತು. ಆದ್ದರಿಂದ ಅವುಗಳನ್ನು ಬಯ್ಯುವಾಗ ನಮ್ಮ ಧ್ವನಿ ಸ್ವಲ್ಪ ತಗ್ಗಿಯೇ ಇರಬೇಕು.

ಆ ಚಿಕ್ಕ ಪಾಕೀಟುಗಳ ರಚನೆಯನ್ನು ತಾಯಂದಿರು ತಿಳಿದಿರುವದು ಒಳ್ಳೆಯದು. ಕುರುಕಲು ತಿಂಡಿಯ ಚೀಲವೊಂದನ್ನು ಒಳಗು ಹೊರಗು ಮಾಡಿ ನೋಡಿದರೆ ಬೆಳ್ಳಿಯಂತೆ ಹೊಳೆಯುವದು. ಹೊರಗೆ ಚಿತ್ರ ಅಚ್ಚು ಮಾಡಿದ ಪ್ಲಾಸ್ಟಿಕ್ಕಿನ ಪದರ, ನಡುವೆ ಅಲ್ಯೂಮಿನಿಯಮ್ಮಿನ ಅತಿ ತೆಳುವಾದ ಲೇಪ, ಒಳಗೆ ಬೇರೆ ಜಾತಿಯ ಪ್ಲಾಸ್ಟಿಕ್ಕು. ಗಾಳಿ, ಬೆಳಕು, ತೇವ ಯಾವದೂ ಒಳಗೆ ಹೋಗಲಾರದು; ತಿಂಡಿ ತಿಂಗಳುಗಟ್ಟಲೆ ಗರಿಗರಿಯಾಗಿ ಇರುವದು. ಆದರೆ ಹೀಗೆ ಅಂಟಿಸಿದ ಪದರಗಳನ್ನು ತಿರುಗಿ ಬಿಡಿಸುವದು ಬಹು ಕಷ್ಟ. ಹಾಲಿನ ಚೀಲವನ್ನೂ ನೀರಿನ ಬಾಟಲಿಯನ್ನೂ ಕರಗಿಸಿ ಬೇರೆ ವಸ್ತು ಮಾಡಬಹುದು. ಚಿಂದಿ ಆಯುವ ಬಡವರು ಅವನ್ನು ಎತ್ತಿಕೊಂಡು ಹೋಗಿ ನಾಲ್ಕು ಕಾಸು ಕಾಣುವರು. ಬಹುಪದರದ ಪಾಕೀಟನ್ನು ಅವರೂ ಮುಟ್ಟರು. ಕೊಳ್ಳುವವರಿಲ್ಲದ ಕಸವನ್ನು ಗಾಳಿಯೇ ಕೊಳ್ಳಬೇಕು.

ನಮ್ಮ ಕಡೆಯ ಗಾಳಿ ಅದನ್ನು ಎಲ್ಲಿಗೆ ಒಯ್ಯುವದೆಂಬದನ್ನು ಬೇಸಿಗೆಯಲ್ಲಿ ಇಂಡಿಯಿಂದ ತಾಂಬಾಕ್ಕೆ ಬರುವವರು ಕಾಣಬಹುದು. ಬಳ್ಳಾರಿ ಜಾಲಿಯ ಮುಳ್ಳುಗಳಲ್ಲಿ ಬಣ್ಣ ಬಣ್ಣದ ಚೀಲಗಳು ಸಿಕ್ಕು ಫಡಫಡಿಸುವವು. ದೂರದಿಂದ ನೋಡಿದರೆ ಗಿಡ ಹೂ ಬಿಟ್ಟಂತೆ ತೋರುವದು. ಎರೆಯ ಭೂಮಿ ಬಿಸಿಲಿಗೆ ಕೈ ಹೋಗುವಷ್ಟು ಅಗಲವಾಗಿ ಬಿರಿದಾಗ ಕೆಲವು ಆ ಬಿರುಕುಗಳಲ್ಲಿ ಇಳಿಯುವವು. ಮಳೆ ಬಂದು ಭೂಮಿ ಮುಚ್ಚಿಕೊಂಡರೆ ಒಳಗೇ ಉಳಿಯುವವು. ಎಳ್ಳಮಾವಾಸ್ಯೆಯ ದಿನ ನಾವು ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಭೂಮಿತಾಯಿಗೆ ಉಣಬಡಿಸಿದೆವೆಂದು ಸಂತೋಷಪಡುವೆವು. ವರ್ಷದ ಉಳಿದ ದಿನಗಳಲ್ಲಿ ಅದೇ ತಾಯಿಗೆ ಏನನ್ನು ಉಣಿಸುತ್ತಿರುವೆವೆಂದು ಕೇಳಿಕೊಂಡವರು ಕಡಿಮೆ. ಕೆಲವರು ಜಾಣತನದಿಂದ ಕಸವನ್ನೆಲ್ಲ ಗುಡ್ಡೆ ಹಾಕಿ ಸುಡುವರು. ಕಣ್ಣಿಗೆ ಕಾಣುವ ಕಸ ಹೋಗಿ ಉಸಿರಿಗೆ ಸೇರುವ ವಿಷವಾಗುವದೇ ಹೊರತು ಅದರಿಂದ ಲಾಭವಿಲ್ಲ. ಬಯಲಲ್ಲಿ ಕಸ ಸುಡುವದನ್ನು ಕಾನೂನು ನಿಷೇಧಿಸಿರುವದು.

ಇನ್ನು ಕೊಟ್ಟಿಗೆಯ ಮಾತು. ಇದನ್ನು ಬರೆಯಲು ನಮಗೆ ಮನಸ್ಸಿರಲಿಲ್ಲ; ಆದರೆ ಇದನ್ನು ಬಿಟ್ಟರೆ ಈ ಲೇಖನವನ್ನು ಬರೆಯುವ ಕಾರಣವೇ ಉಳಿಯದು. ೨೦೧೨ರಲ್ಲಿ ನಮ್ಮ ಅಣ್ಣನವರ ಮನೆಯಲ್ಲಿ ಒಂದು ಆಕಳಿದ್ದಿತು. ನಮ್ಮ ತಾಯಿಯವರು ಕರುವಿದ್ದಾಗಿನಿಂದ ಸಾಕಿದ್ದು. ಅವರು ಕಣ್ಣು ಮುಚ್ಚಿದ ಮೇಲೆ ಅದನ್ನು ನೋಡಿದಾಗಲೆಲ್ಲ ನಮಗೆ ಅವರನ್ನೇ ನೋಡಿದಂತಾಗುತ್ತಿದ್ದಿತು. ಆ ವರ್ಷ ಅದು ಮೇವು ಬಿಟ್ಟಿತು, ಹೊಟ್ಟೆ ಉಬ್ಬಿತು. ಹಳ್ಳಿಯ ಔಷಧ ನಾಟದಿದ್ದಾಗ ಪಶುವೈದ್ಯರನ್ನು ಕರೆಸಿದರು. ಅವರು ಹೊಟ್ಟೆಯ ಬದಿಯನ್ನು ಸೀಳಿ, ಮೊಳಕೈ ಮಟ್ಟ ಕೈ ಇಳಿಸಿ ಹೊರಗೆ ತೆಗೆದುದನ್ನು ನಾವು ಕಣ್ಣಾರೆ ಕಂಡೆವು. ಹಗ್ಗದಂತೆ ಹೊಸೆದುಕೊಂಡ ಪ್ಲಾಸ್ಟಿಕ್ ಚೀಲಗಳು. ಎರಡು ಬುಟ್ಟಿ ತುಂಬಿದವು. ಆಡಿನಂತೆ ಆಕಳು ತುಟಿಯಿಂದ ಆಯ್ದು ತಿನ್ನಲಾರದು, ನಾಲಿಗೆ ಚಾಚಿ ಬಾಚಿಕೊಳ್ಳುವದು. ಒಳಗೆ ಹೋದ ಚೀಲ ಅರಗದು, ಮುಂದಕ್ಕೂ ಸಾಗದು ಎಂದು ವೈದ್ಯರು ತಿಳಿಸಿದರು. ಆ ಗುಡ್ಡೆಯಲ್ಲಿ ಕೆಲವು ಚೀಲಗಳ ಬಾಯಿ ಇನ್ನೂ ಗಂಟು ಕಟ್ಟಿದಂತೆಯೇ ಇದ್ದಿತು. ಉಳಿದ ಅನ್ನವನ್ನು ಚೀಲಕ್ಕೆ ಹಾಕಿ, ಬಾಯಿ ಕಟ್ಟಿ, ತಿಪ್ಪೆಗೆ ಎಸೆಯುವ ಪದ್ಧತಿಯನ್ನು ಆ ಮನೆಗೆ ತಂದವರು ನಾವೇ. ಪಟ್ಟಣದಲ್ಲಿ ಕಲಿತ ಶುಚಿತ್ವವದು. ನೊಣ ಕೂಡ್ರುವದಿಲ್ಲವೆಂದು ಅತ್ತಿಗೆಯವರಿಗೆ ನಾವೇ ಹೇಳಿಕೊಟ್ಟಿದ್ದೆವು. ಆಕಳು ಮೂರನೆಯ ದಿನ ಸತ್ತಿತು. ಅತ್ತಿಗೆಯವರು ನಮಗೆ ಒಂದು ಮಾತನ್ನೂ ಅನ್ನಲಿಲ್ಲ.

ಸರಕಾರವು ಸುಮ್ಮನೆ ಕುಳಿತಿಲ್ಲ. ೨೦೧೬ರ ಮಾರ್ಚ ೧೧ರಂದು ಕರ್ನಾಟಕ ಸರಕಾರವು ಪ್ಲಾಸ್ಟಿಕ್ಕಿನ ಕೈಚೀಲ, ತಟ್ಟೆ, ಲೋಟ, ಚಮಚ, ಊಟದ ಮೇಜಿನ ಹಾಳೆ ಮೊದಲಾದವುಗಳ ತಯಾರಿಕೆ, ಮಾರಾಟ, ಬಳಕೆಗಳನ್ನು ನಿಷೇಧಿಸಿತು. ೨೦೨೨ರ ಜುಲೈ ೧ರಿಂದ ದೇಶದಲ್ಲೆಲ್ಲ ಒಂದೇ ಸಲ ಬಳಸಿ ಎಸೆಯುವ ತಟ್ಟೆ, ಲೋಟ, ಚಮಚ, ಹೀರುಗೊಳವೆ, ಮಿಠಾಯಿ ಡಬ್ಬಿಯ ಮೇಲಿನ ಹಾಳೆಗಳಿಗೆ ತಡೆ ಬಂದಿತು. ಆದರೆ ಕಾರಖಾನೆಯಲ್ಲಿಯೇ ತುಂಬಿ ಮುಚ್ಚಿ ಬರುವ ಪಾಕೀಟುಗಳೂ ನೀರಿನ ಬಾಟಲಿಗಳೂ ಈ ನಿಷೇಧಗಳ ಹೊರಗೆ ಉಳಿದವು. ಮರುಬಳಕೆಗೆ ಬಾರದ ಬಹುಪದರದ ಹೊದಿಕೆಯನ್ನು ಎರಡು ವರ್ಷಗಳಲ್ಲಿ ನಿಲ್ಲಿಸಬೇಕೆಂದು ೨೦೧೬ರ ಕೇಂದ್ರದ ನಿಯಮದಲ್ಲಿ ಇದ್ದಿತು. ೨೦೧೮ರಲ್ಲಿ ಆ ಮಾತನ್ನು ತಿದ್ದಿ, ಸುಟ್ಟು ಶಕ್ತಿ ಪಡೆಯಲಾಗುವಂಥದಕ್ಕೂ ಬೇರೆ ಉಪಯೋಗವಿರುವಂಥದಕ್ಕೂ ವಿನಾಯಿತಿ ದೊರೆಯುವಂತೆ ಮಾಡಿದರು. ಹೊದಿಕೆಯನ್ನು ಮಾರುಕಟ್ಟೆಗೆ ತಂದ ಕಂಪನಿಯವರೇ ಅದನ್ನು ತಿರುಗಿ ಸಂಗ್ರಹಿಸುವ ಹೊಣೆ ಹೊರಬೇಕೆಂಬ ವಿವರವಾದ ನಿಯಮಗಳು ೨೦೨೨ರ ಫೆಬ್ರುವರಿಯಲ್ಲಿ ಹೊರಬಿದ್ದವು. ಇದು ನ್ಯಾಯವಾದ ಮಾತು. ಆದರೆ ತಾಂಬಾದ ಜಾಲಿಯ ಮುಳ್ಳಿಗೆ ಸಿಕ್ಕ ಪಾಕೀಟನ್ನು ಬಿಡಿಸಿಕೊಂಡು ಹೋಗಲು ಕಂಪನಿಯವರು ಯಾರೂ ಬಂದುದನ್ನು ನಾವು ಈವರೆಗೆ ಕಂಡಿಲ್ಲ.

ಈಗ ಶಾಲೆಯ ಅಂಗಳಕ್ಕೆ ಬರೋಣ. ಕೆಲವು ವರ್ಷಗಳ ಹಿಂದೆ ಹಳೆಯ ವಿದ್ಯಾರ್ಥಿನಿಯರ ಸಮ್ಮೇಳನಕ್ಕೆ ನಾವು ಬಂದಿದ್ದೆವು. ಊಟ ರುಚಿಯಾಗಿದ್ದಿತು, ಮಾತುಗಳು ಅದಕ್ಕಿಂತ ರುಚಿ. ಸಂಜೆ ಹೊರಡುವಾಗ, ಹಿಂದೆ ನಾವು ತಾಟು ತೊಳೆಯುತ್ತಿದ್ದ ನಲ್ಲಿಯ ಕಟ್ಟೆಯ ಬಳಿಗೆ ಹೋದೆವು. ಅಲ್ಲಿ ಎದೆಯೆತ್ತರದ ರಾಶಿ ಬಿದ್ದಿದ್ದಿತು. ಮೇಣದಂಥ ಹೊಳಪಿನ ತಟ್ಟೆಗಳು, ಕಾಗದದ ಲೋಟಗಳು, ಅರ್ಧ ಕುಡಿದು ಬಿಟ್ಟ ನೀರಿನ ಬಾಟಲಿಗಳು. ಹಿತ್ತಲಿನ ಬೇಲಿಯ ಆಚೆ ಎರಡು ದನಗಳು ನಿಂತು ಆ ರಾಶಿಯ ಕಡೆಗೆ ನೋಡುತ್ತಿದ್ದವು. ತಪ್ಪು ಯಾರದೆಂದು ಹುಡುಕುವ ಅಧಿಕಾರ ನಮಗಿರಲಿಲ್ಲ. ಆ ರಾಶಿಯಲ್ಲಿ ನಮ್ಮ ತಟ್ಟೆಯೂ, ಎರಡು ಸಲ ಕುಡಿದ ಚಹದ ಎರಡು ಲೋಟಗಳೂ ಇದ್ದವು. ಯಾವದು ನಮ್ಮದೆಂದು ಗುರುತಿಸಲು ಮಾತ್ರ ಬರುವಂತಿರಲಿಲ್ಲ, ಏಕೆಂದರೆ ಅವುಗಳ ಮೇಲೆ ಯಾರ ಹೆಸರೂ ಇರಲಿಲ್ಲ.

ತಾಯಿಯವರ ಮಾತಿನ ಎರಡನೆಯ ಅರ್ಥ ನಮಗೆ ಹೊಳೆದುದು ಅಲ್ಲಿ. ಮೊದಲು ಪಾತ್ರೆ ಮನೆಯದಾಗಿ, ಪದಾರ್ಥ ಅಂಗಡಿಯದಾಗಿದ್ದಿತು. ಇಲ್ಲವೆ ಗೋಲಿ ಸೋಡಾದಂತೆ ಪಾತ್ರೆ ಮಾರುವವನದಾಗಿದ್ದಿತು. ಯಾವ ರೀತಿಯಾದರೂ ಪಾತ್ರೆಗೆ ಒಬ್ಬ ಒಡೆಯನಿದ್ದನು. ಒಡೆಯನಿದ್ದುದರಿಂದ ಅದು ತಿರುಗಿ ಮನೆಗೆ ಬರುತ್ತಿದ್ದಿತು. ಈಗಿನ ಪಾಕೀಟು ಮಾರುವ ತನಕ ಕಂಪನಿಯದು, ಹರಿಯುವ ತನಕ ನಮ್ಮದು, ಹರಿದ ಕ್ಷಣದಿಂದ ಯಾರದೂ ಅಲ್ಲ. ಪ್ಲಾಸ್ಟಿಕ್ಕನ್ನೇ ದುಷ್ಟವೆಂದು ಬಯ್ದು ಪ್ರಯೋಜನವಿಲ್ಲ. ಕಾಗದದ ಲೋಟ ನಿರಪರಾಧಿಯೆಂದು ನಾವು ನಂಬಿದ್ದೆವು. ಅದರ ಒಳಮೈಗೂ ತೆಳುವಾದ ಪ್ಲಾಸ್ಟಿಕ್ ಲೇಪವಿರುವದೆಂದೂ, ಬಿಸಿ ಪಾನೀಯವು ಹದಿನೈದು ನಿಮಿಷ ಅದರಲ್ಲಿದ್ದರೆ ೧೦೦ ಮಿಲಿಲೀಟರಿನಲ್ಲಿ ಸುಮಾರು ೨೫,೦೦೦ ಸೂಕ್ಷ್ಮ ಕಣಗಳು ಬಿಡುವವೆಂದೂ ಖರಗಪುರದ ಐ.ಐ.ಟಿ.ಯ ಸಂಶೋಧಕರು ೨೦೨೦ರಲ್ಲಿ ತೋರಿಸಿಕೊಟ್ಟರು. ಇಡ್ಲಿಯ ಹಬೆಗೆ ಅರಿವೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸುವ ರೂಢಿ ಹೋಟೆಲುಗಳಲ್ಲಿ ಕಂಡುಬಂದು, ೨೦೨೫ರ ಫೆಬ್ರುವರಿಯಲ್ಲಿ ನಮ್ಮ ರಾಜ್ಯದ ಆರೋಗ್ಯ ಮಂತ್ರಿಗಳು ಅದನ್ನು ನಿಷೇಧಿಸುವದಾಗಿ ಹೇಳಬೇಕಾಯಿತು. ಬಟ್ಟೆಯ ಚೀಲವೂ ಒಂದೇ ಸಲ ಬಳಸಿ ಬಿಟ್ಟರೆ ವ್ಯರ್ಥವೇ. ಹತ್ತಿ ಬೆಳೆಯಲು, ನೇಯಲು ಬಹಳ ನೀರು, ಬಹಳ ಶ್ರಮ ಹೋಗಿರುವದು. ವಸ್ತು ಯಾವದೆಂಬದು ಎರಡನೆಯ ಪ್ರಶ್ನೆ. ಅದು ಎಷ್ಟು ಸಲ ತಿರುಗಿ ಬರುವದೆಂಬದೇ ಮೊದಲನೆಯದು.

ಇಷ್ಟನ್ನು ತಿಳಿದುಕೊಂಡು ನಾವು ತಾಂಬಾಕ್ಕೆ ಹೋದೆವು. ಈಗ ಅಂಗಡಿಯನ್ನು ನಡೆಸುವವನು ನಮ್ಮ ಅಣ್ಣನ ಮಗ. ಸರಗಳನ್ನೆಲ್ಲ ತೆಗೆದುಬಿಡು ಎಂದು ಅವನಿಗೆ ಉಪದೇಶ ಮಾಡಿದೆವು. ಅವನು ಕೇಳಿ, “ಅತ್ತಿ, ನೀವು ಹೇಳೂದು ಖರೇ ಅದ. ಆದ್ರ ಕೂಲಿ ಮುಗಿಸಿ ಬಂದಾಕಿ ಕೈಯಾಗ ಹತ್ತ ರೂಪಾಯಿ ಇರ್ತದ. ಆಕಿ ಕಾಲ್ ಕಿಲೋ ಚಹಾಪುಡಿ ಹೆಂಗ ಒಯ್ಯಬೇಕ್ರಿ? ಪಾಕೀಟ ತಗದರ ಆಕಿ ಮುಂದಿನ ಅಂಗಡಿಗೆ ಹೋಗ್ತಾಳ, ಅಷ್ಟ” ಎಂದನು. ನಮಗೆ ಉತ್ತರ ತೋಚಲಿಲ್ಲ. ಚಿಕ್ಕ ಪಾಕೀಟು ಬಡವರ ಚಪಲವಲ್ಲ, ದಿನಗೂಲಿಯ ಅಳತೆ. ಅದನ್ನು ಕಸಿದುಕೊಂಡು ಪುಣ್ಯ ಗಳಿಸುವದು ನಮ್ಮಂಥ ಪಿಂಚಣಿದಾರರಿಗೆ ಸುಲಭ.

ರಾತ್ರಿ ಊಟದ ಹೊತ್ತಿಗೆ ಅತ್ತಿಗೆಯವರೇ ದಾರಿ ತೋರಿಸಿದರು. “ನಿಮ್ಮಪ್ಪಾರು ಎರಡ ಪೈಸಾದ ಚಹಾಪುಡಿನೂ ತೂಗಿ ಕೊಡ್ತಿದ್ರಲ್ಲ?” ಎಂದರು. ನಿಜವೇ, ಹಿಂದೆ ಬಿಡಿಯಾಗಿ ಮಾರುವ ಪದ್ಧತಿಯೇ ಬಡವರ ಪದ್ಧತಿಯಾಗಿದ್ದಿತು. ಸೋದರಳಿಯನು ಯೋಚಿಸಿ, ಚಹಾಪುಡಿ, ಸಕ್ಕರೆ, ಬೇಳೆ, ಅವಲಕ್ಕಿಗಳನ್ನು ಮುಚ್ಚಳವುಳ್ಳ ಡಬ್ಬಿಗಳಲ್ಲಿಟ್ಟು, ಎಷ್ಟು ಕೇಳಿದರೆ ಅಷ್ಟು ತೂಗಿ ಕೊಡಲು ಆರಂಭಿಸಿದನು. ತಮ್ಮ ಡಬ್ಬಿ ತಂದವರಿಗೆ ಮೇಲೆ ಒಂದು ಚಿಟಿಕೆ ಕೊಸರು. ಎಣ್ಣೆಯನ್ನು ಮಾತ್ರ ಕಾನೂನಿನಂತೆ ಮುಚ್ಚಿದ ಪಾಕೀಟಿನಲ್ಲಿಯೇ ಮಾರುವನು. ಮೊದಲ ತಿಂಗಳು ನಾಲ್ಕಾರು ಮನೆಯವರು ಡಬ್ಬಿ ತಂದರು, ಈಗ ಇನ್ನಷ್ಟು ಮನೆಯವರು ತರುವರು. ಸರಗಳು ಇನ್ನೂ ತೂಗುತ್ತಿರುವವು. ಅವು ಹೋದವೆಂದು ಬರೆದರೆ ಸುಳ್ಳಾದೀತು. ಆದರೆ ಅಂಗಡಿಯ ಬಾಗಿಲಿನಲ್ಲಿ ಒಬ್ಬರ ಮುಖ ಒಬ್ಬರಿಗೆ ಕಾಣುವಷ್ಟು ಜಾಗ ತಿರುಗಿ ಆಗಿದೆ.

ಇನ್ನು ಸಹೋದರಿಯರಲ್ಲಿಯೂ ಪಾಲಕರಲ್ಲಿಯೂ ನಮ್ಮದೊಂದು ವಿಜ್ಞಾಪನೆ. ಶಾಲೆಯ ಉತ್ಸವಗಳಿಗಾಗಿ ನಾವೆಲ್ಲರೂ ಕೂಡಿ ಸ್ಟೀಲಿನ ತಾಟು ಲೋಟಗಳ ಒಂದು ಭಂಡಾರವನ್ನು ಏಕೆ ಮಾಡಬಾರದು? ಹಳ್ಳಿಗಳಲ್ಲಿ ಮದುವೆ ಮುಂಜಿವೆಗಳಿಗೆ ದೈವದ ಪಾತ್ರೆಗಳನ್ನು ಎಣಿಸಿ ಒಯ್ದು, ಎಣಿಸಿ ತಿರುಗಿ ಕೊಡುವ ಪದ್ಧತಿ ಹಿಂದಿನಿಂದಲೂ ಇದೆ. ಬೆಂಗಳೂರಿನಲ್ಲಿ ಅದಮ್ಯ ಚೇತನ ಎಂಬ ಸಂಸ್ಥೆಯವರು ಸಮಾರಂಭಗಳಿಗೆ ಇಂಥ ತಟ್ಟೆ ಲೋಟಗಳನ್ನು ಎರವಲು ಕೊಡುತ್ತಿರುವರು. ತೊಳೆಯಲು ನೀರು ಬೇಡವೇ ಎಂದು ಕೇಳುವವರಿದ್ದಾರೆ. ಬರಗಾಲದ ನಾಡಿನಿಂದ ಬಂದ ನಮಗೆ ಆ ಪ್ರಶ್ನೆ ಸಣ್ಣದಲ್ಲ. ಮೊದಲು ಒರೆಸಿ, ಆಮೇಲೆ ತೊಟ್ಟಿಯ ನೀರಿನಲ್ಲಿ ತೊಳೆದು, ಆ ನೀರನ್ನು ಗಿಡಗಳಿಗೆ ಬಿಟ್ಟರೆ, ಹಿಂದಿನ ಬಾಳೆಯ ಸಾಲು ಮತ್ತೆ ಚಿಗುರೀತು. ನೀರಿನ ಬಾಟಲಿಗಳ ಬದಲು ಹರವಿಯಲ್ಲಿ ನೀರು, ಬುರುಬುರು ಪಾನೀಯದ ಬದಲು ಲಿಂಬೆಯ ಶರಬತ್ತು ಇರಲಿ. ಇಂಡಿಯ ಲಿಂಬೆಗೆ ಈಗ ಭೌಗೋಳಿಕ ಸೂಚಕದ ಮಾನ್ಯತೆ ಬಂದಿದೆ. ಆ ಹಣ್ಣಿನ ಹೊದಿಕೆಯನ್ನು ದೇವರೇ ಮಾಡಿರುವನು, ಉಪ್ಪು ಹಾಕಿದರೆ ಅದೂ ಉಪ್ಪಿನಕಾಯಿಯಾಗುವದು. ಶರಬತ್ತಿಗೆ ಬೇಕಾದ ಲಿಂಬೆ ತರುವ ಹೊಣೆ ನಮ್ಮದು.

ಪಾಲಕರು ಮಕ್ಕಳ ಬುತ್ತಿಯ ಡಬ್ಬಿಯಲ್ಲಿ ಪಾಕೀಟಿನ ತಿಂಡಿಯ ಬದಲು ಶೇಂಗಾದ ಉಂಡೆ ಇಟ್ಟರೆ ಅದರಿಂದ ಎರಡು ಲಾಭ. ಹುಟ್ಟುಹಬ್ಬದ ದಿನ ವರ್ಗದಲ್ಲಿ ಹಂಚುವ ಚಾಕಲೇಟಿನ ಕಾಗದಗಳನ್ನು ಎಣಿಸಿ ನೋಡಲು ಮಕ್ಕಳಿಗೇ ಹೇಳಿರಿ. ಎಣಿಸಿದ ಮಗು ಮರುವರ್ಷ ತಾನಾಗಿಯೇ ಬೇರೊಂದನ್ನು ಕೇಳೀತು. ಇವು ಚಿಕ್ಕ ಕೆಲಸಗಳು. ಇವುಗಳಿಂದ ಲೋಕದ ಕಸವೆಲ್ಲ ಹೋಗಲಾರದು. ಕಂಪನಿಗಳು ತಮ್ಮ ಹೊಣೆಯನ್ನು ಹೊರುವ ತನಕ, ಸರಕಾರ ಹೊರಿಸುವ ತನಕ ದೊಡ್ಡ ಪಾಲು ಹಾಗೆಯೇ ಉಳಿಯುವದು. ಆದರೂ ತನ್ನ ಪಾತ್ರೆಯನ್ನು ತಾನು ತೊಳೆದವಳ ಮಾತಿಗೆ, ಹೊಣೆ ಹೊರಿರೆಂದು ಇತರರಿಗೆ ಹೇಳುವಾಗ, ಸ್ವಲ್ಪ ಬಲ ಬರುವದು.

ಆ ತಾಟು ನಮ್ಮ ಮನೆಯಲ್ಲಿ ಇನ್ನೂ ಇದೆ. ಅಂಚು ಎರಡು ಕಡೆ ನೆಗ್ಗಿದೆ, ಅಕ್ಷರಗಳು ಸವೆದು ನಯವಾಗಿವೆ. ಆದರೂ ಬೆಳಕಿಗೆ ಹಿಡಿದರೆ ಹೆಸರೂ ಊರೂ ಓದಲು ಬರುವವು. ನಮ್ಮ ಮೊಮ್ಮಗಳು ಈಗ ಅದರಲ್ಲಿಯೇ ಉಣ್ಣುವಳು. ಅದರ ಮೇಲೆ ತನ್ನ ಹೆಸರನ್ನೂ ಕೆತ್ತಿಸಬೇಕೆಂದು ಅವಳ ಹಟ. ನಮ್ಮ ಹೆಸರಿನ ಕೆಳಗೆ ಇನ್ನೂ ಒಂದು ಸಾಲಿಗೆ ಜಾಗವಿದೆ. ಮುಂದಿನ ಸಮ್ಮೇಳನಕ್ಕೆ ಬರುವಾಗ ಆ ತಾಟನ್ನು ನಾವು ಚೀಲದಲ್ಲಿಟ್ಟುಕೊಂಡೇ ಬರುವೆವು. ಸಹೋದರಿಯರೂ ತಮ್ಮ ತಮ್ಮದನ್ನು ಹುಡುಕಿ ತರಬೇಕೆಂದು ಪ್ರಾರ್ಥನೆ. ಉಂಡ ಮೇಲೆ ಆ ಹಳೆಯ ನಲ್ಲಿಯ ಕಟ್ಟೆಯ ಬಳಿ ಮತ್ತೊಮ್ಮೆ ಸಾಲಾಗಿ ನಿಂತು ತೊಳೆಯೋಣ.